ಮಗಳ ಮೊದಲ ಪ್ರೊ ಸೀಸನ್, ಅದೂ ಕೋವಿಡ್ ವರ್ಷದಲ್ಲಿ

ಅಮೆರಿಕದ ಮಹಿಳೆಯರ ಗಾಲ್ಫ್‌ನ ಸಿಮೆಟ್ರಾ ಟೂರ್‌ನ 2020ರ ಸೀಸನ್ ನವೆಂಬರ್‌ನಲ್ಲಿ ಮುಗಿಯಿತು. ಅಲ್ಲಿಂದ ಈಚೆಗೆ ಇಲ್ಲಿಯ ಕನ್ನಡದ ಮನೆಗಳಿಂದಲೂ ಬೆಂಗಳೂರಿನಿಂದಲೂ ಫೋನ್ ಬರುತ್ತಲೇ ಇದೆ. ಮಗಳು ಚೆನ್ನಾಗಿ ಗಾಲ್ಫ್ ಆಡುತ್ತಾಳೆ, ಪ್ರೊ ಆಗ್ತೀನಿ ಅಂತಾಳೆ, ವರ್ಷಕ್ಕೆ ಎಷ್ಟು ಖರ್ಚು ಬರುತ್ತೆ, ಏನೇನು ಕಾಗದ ಬೇಕು, ಈ ಕೋವಿಡ್‌ನಲ್ಲಿ ಆಡಿಸ್ತಾರಾ ಇಲ್ವಾ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳುವುದಕ್ಕಿಂತ ನಮಗೆ ಆಗಿದ್ದನ್ನೆಲ್ಲ ಒಂದೇ ಕಡೆ ಬರೆದಿಡುವುದು ಒಳ್ಳೆಯದು ಅನ್ನಿಸಿತು.

ನಾವಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ. ನನ್ನ ತವರು ಹಾಸನ. ಮಗಳು ಹುಟ್ಟಿದ್ದು ಇಲ್ಲೇ. ಗಾಲ್ಫ್ ಸ್ಕಾಲರ್‌ಶಿಪ್ ಮೇಲೆ ಕಾಲೇಜು ಓದಿದಳು. 2019ರ ಅಕ್ಟೋಬರ್‌ನಲ್ಲಿ ಫ್ಲೋರಿಡಾದ ವೆನಿಸ್‌ನಲ್ಲಿ ನಡೆದ ಕ್ಯೂ ಸ್ಕೂಲ್ (ಟೂರ್‌ಗೆ ಸೇರಲು ಆಡುವ ಅರ್ಹತಾ ಪಂದ್ಯ) ಎರಡನೇ ಹಂತದಲ್ಲಿ ಆಡಿ ಸಿಮೆಟ್ರಾ ಟೂರ್‌ಗೆ ಸ್ಟೇಟಸ್, ಅಂದರೆ ಆಡುವ ಅರ್ಹತೆ ಪಡೆದಳು. ಎಲ್‌ಪಿಜಿಎಗೆ ಬೇಕಾಗುವಷ್ಟು ಮೇಲಿನ ಸ್ಥಾನ ಬರಲಿಲ್ಲ.

ಈ ಟೂರ್ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮಹಿಳೆಯರ ದೊಡ್ಡ ಟೂರ್ ಎಲ್‌ಪಿಜಿಎ. ಅದಕ್ಕೆ ಹುಡುಗಿಯರನ್ನು ತಯಾರು ಮಾಡುವ ಕೆಳಗಿನ ಮೆಟ್ಟಿಲಿಗೆ 2020ರಲ್ಲಿ ಇದ್ದ ಹೆಸರು ಸಿಮೆಟ್ರಾ ಟೂರ್. 1981ರಲ್ಲಿ ಫ್ಲೋರಿಡಾದಲ್ಲಿ ಸಣ್ಣದಾಗಿ ಶುರುವಾಗಿದ್ದು, 2020 ಅದರ 40ನೇ ಸೀಸನ್. ಹೆಚ್ಚಿನ ಪಂದ್ಯಗಳು ಶುಕ್ರವಾರದಿಂದ ಭಾನುವಾರದವರೆಗೆ, 54 ಹೋಲ್. ಎರಡು ದಿನ ಆದ ಮೇಲೆ ಕಟ್, ಅಂದರೆ ಹಿಂದೆ ಬಿದ್ದವರು ಹೊರಗೆ. ಕಟ್ ದಾಟಿದವರಿಗೆ ಮಾತ್ರ ದುಡ್ಡು. ಆಗಿನ ನಿಯಮದಲ್ಲಿ ವರ್ಷದ ಕೊನೆಗೆ ಬಹುಮಾನದ ಹಣದ ಪಟ್ಟಿಯಲ್ಲಿ ಮೊದಲ 10 ಸ್ಥಾನದಲ್ಲಿ ಇದ್ದವರಿಗೆ ಎಲ್‌ಪಿಜಿಎ ಕಾರ್ಡ್, ಅಂದರೆ ಆ ದೊಡ್ಡ ಟೂರ್‌ನಲ್ಲಿ ಆಡುವ ಹಕ್ಕು. ಎಲ್ಲರೂ ಒದ್ದಾಡುತ್ತಿದ್ದದ್ದು ಆ ಹತ್ತು ಕಾರ್ಡಿಗೆ. ಇದನ್ನು ನೆನಪಿಟ್ಟುಕೊಳ್ಳಿ, ಈ ಹತ್ತರ ವಿಷಯ ಮುಂದೆ ಬರುತ್ತದೆ.

ದುಡ್ಡಿನ ಲೆಕ್ಕವನ್ನೂ ಮೊದಲೇ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. 2020ರಲ್ಲಿ ಒಂದು ಪಂದ್ಯಕ್ಕೆ ಪ್ರವೇಶ ಶುಲ್ಕ ಸುಮಾರು 500 ಡಾಲರ್ ಇತ್ತು. ಒಟ್ಟು ಬಹುಮಾನ 1,25,000 ಡಾಲರ್ ಇದ್ದರೆ ಗೆದ್ದವಳಿಗೆ ಅದರ 15 ಪರ್ಸೆಂಟ್, ಅಂದರೆ 18,750. ಕಟ್ ದಾಟಿ ಕೊನೆಯ ಸಾಲಿನಲ್ಲಿ ಮುಗಿಸಿದರೆ ಕೆಲವೊಮ್ಮೆ ಕಟ್ಟಿದ ಶುಲ್ಕವೂ ವಾಪಸ್ ಹುಟ್ಟುವುದಿಲ್ಲ. ಇದರ ಮೇಲೆ ಮೋಟೆಲ್, ಪೆಟ್ರೋಲು ಅಥವಾ ವಿಮಾನ, ಊಟ. ಬ್ಯಾಗ್ ಹೊರುವ ಕ್ಯಾಡಿ ಇಟ್ಟುಕೊಂಡರೆ ವಾರಕ್ಕೆ ಇನ್ನೂ ನಾಲ್ಕೈದು ನೂರು. ಒಟ್ಟಿನಲ್ಲಿ ಆಗ ವಾರಕ್ಕೆ 1,200ರಿಂದ 1,500 ಡಾಲರ್ ಕೈಬಿಡುತ್ತಿತ್ತು. ನಾವು ಮೊದಲ ವರ್ಷಕ್ಕೆ ಅಂತ ತೆಗೆದಿಟ್ಟಿದ್ದು ನಮ್ಮನೆಯವರ ಬೋನಸ್ಸು, ನನ್ನ ಉಳಿತಾಯ. ಜೊತೆಗೆ ಮಗಳು ಚಳಿಗಾಲದಲ್ಲಿ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ್ದು.

ಮಾರ್ಚ್ 6ರಿಂದ 8ರವರೆಗೆ ಫ್ಲೋರಿಡಾದ ವಿಂಟರ್ ಹೇವನ್‌ನಲ್ಲಿ ಸೀಸನ್ನಿನ ಮೊದಲ ಪಂದ್ಯ. ಮಗಳ ಜೊತೆ ನಾನೂ ಹೋಗಿದ್ದೆ, ಸುಮ್ನೆ ನೋಡುವುದಕ್ಕೆ. ಊರಿನ ಒಂದು ವಯಸ್ಸಾದ ದಂಪತಿ ನಮ್ಮನ್ನು ಅವರ ಮನೆಯಲ್ಲೇ ಇರಿಸಿಕೊಂಡಿದ್ದರು. ಈ ಟೂರ್‌ನಲ್ಲಿ ಅದೊಂದು ಒಳ್ಳೆಯ ಪದ್ಧತಿ. ಆಟಗಾರ್ತಿಯರಿಗೆ ಊರಿನವರು ರೂಮು ಬಿಟ್ಟುಕೊಡುತ್ತಾರೆ, ದುಡ್ಡು ಕೇಳುವುದಿಲ್ಲ. ಆ ಅಜ್ಜಿ ಬೆಳಿಗ್ಗೆ ಎದ್ದು ನಮಗೆ ಕಿತ್ತಳೆ ಹಣ್ಣಿನ ರಸ ಹಿಂಡಿಕೊಡುತ್ತಿದ್ದರು. ಹೊರಡುವಾಗ ತಬ್ಬಿಕೊಂಡರು. ಹೊರಗಿನವರನ್ನು ನಾನು ತಬ್ಬಿಕೊಂಡಿದ್ದು ಆ ವರ್ಷದಲ್ಲಿ ಅದೇ ಕೊನೆ. ಮಗಳು ಕಟ್ ದಾಟಲಿಲ್ಲ. ಆದರೂ ಬೇಜಾರಿರಲಿಲ್ಲ. ಮುಂದೆ ಇಪ್ಪತ್ತರ ಆಸುಪಾಸು ಪಂದ್ಯಗಳಿವೆಯಲ್ಲ ಅಂದುಕೊಂಡೆವು.

ಮುಂದಿನದು ಕ್ಯಾಲಿಫೋರ್ನಿಯಾದ ಬೋಮಾಂಟ್‌ನಲ್ಲಿ ಇತ್ತು. ನಮ್ಮ ಮನೆಯಿಂದ ಕಾರಿನಲ್ಲಿ ಐದು ಗಂಟೆ ದಾರಿ, ಖರ್ಚು ಕಡಿಮೆ ಅಂತ ಖುಷಿಯಾಗಿದ್ದೆವು. ಮಾರ್ಚ್ 12ರಂದು ಫ್ಲೋರಿಡಾದಲ್ಲಿ ಗಂಡಸರ ಪ್ಲೇಯರ್ಸ್ ಚಾಂಪಿಯನ್‌ಶಿಪ್ ಮೊದಲ ದಿನದ ಆಟ ಮುಗಿದ ಮೇಲೆ ನಿಂತುಹೋಯಿತು. ಟಿವಿಯಲ್ಲಿ ಅದನ್ನು ನೋಡಿದಾಗಲೇ ನಮ್ಮನೆಯವರು ಅಂದರು, 'ಅಷ್ಟು ದೊಡ್ಡವರದ್ದೇ ನಿಂತ ಮೇಲೆ ನಮ್ಮದು ಎಲ್ಲಿ ನಡೆಯುತ್ತೆ?' ಅವರು ಹೇಳಿದ ಹಾಗೇ ಆಯಿತು. ನಮ್ಮ ಟೂರ್‌ನಿಂದಲೂ ಇಮೇಲ್ ಬಂತು, ಪಂದ್ಯ ಮುಂದಕ್ಕೆ ಹಾಕಿದ್ದೇವೆ ಅಂತ.

ಆಮೇಲೆ ಮುಂದಕ್ಕೆ ಹಾಕಿದ್ದೇವೆ, ಮುಂದಕ್ಕೆ ಹಾಕಿದ್ದೇವೆ ಅಂತ ಒಂದೊಂದೇ ಪಂದ್ಯ ಜಾರುತ್ತಾ ಹೋಯಿತು. ಕೆಲವು ರದ್ದೇ ಆದವು. ಈ ಕಾಯುವಿಕೆಯೇ ನಮ್ಮನ್ನು ಎಲ್ಲಕ್ಕಿಂತ ಜಾಸ್ತಿ ಹಿಂಡಿದ್ದು. ರದ್ದಾಯಿತು ಅಂದರೆ ಒಂದು ದಿನ ಅತ್ತು ಬೇರೆ ದಾರಿ ನೋಡಬಹುದು. ಮುಂದಕ್ಕೆ ಹೋಯಿತು ಅಂದರೆ ಯಾವ ಕೆಲಸಕ್ಕೂ ಸೇರುವ ಹಾಗಿಲ್ಲ, ಅಭ್ಯಾಸ ಬಿಡುವ ಹಾಗಿಲ್ಲ, ಖರ್ಚು ನಿಲ್ಲಿಸುವ ಹಾಗಿಲ್ಲ. ಮಗಳು ಬೆಳಿಗ್ಗೆ ಎದ್ದ ತಕ್ಷಣ ಫೋನಿನಲ್ಲಿ ಇಮೇಲ್ ನೋಡುತ್ತಿದ್ದಳು. ಏನೂ ಬಂದಿಲ್ಲ ಅಂದರೆ ಮತ್ತೆ ಮುಸುಕು ಹಾಕಿಕೊಂಡು ಮಲಗುತ್ತಿದ್ದಳು. ನಾನು ಕೆಲಸ ಮಾಡುತ್ತಿದ್ದ ಹಲ್ಲಿನ ಕ್ಲಿನಿಕ್ಕೂ ಅದೇ ಹೊತ್ತಿಗೆ ಬಾಗಿಲು ಹಾಕಿತು. ಅಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಸಂಬಳ ನಿಂತಿತು.

ಇದೇ ದಾರಿಯಲ್ಲಿ ಬರುವವರಿಗೆ ಒಂದು ಮಾತು. ಪ್ರೊ ಗಾಲ್ಫರ್ ಅಂದರೆ ಯಾರ ನೌಕರಳೂ ಅಲ್ಲ, ಸ್ವಂತ ಉದ್ಯೋಗ. ಹಾಗಾಗಿ ಮಾಮೂಲಿ ನಿರುದ್ಯೋಗ ಭತ್ಯೆ ಸಿಗುವುದಿಲ್ಲ. ಆದರೆ ಮಾರ್ಚ್ ಕೊನೆಯಲ್ಲಿ ಬಂದ ಕೇರ್ಸ್ ಕಾಯ್ದೆಯಲ್ಲಿ ಸ್ವಂತ ಉದ್ಯೋಗದವರಿಗೂ ಬೇರೆ ಒಂದು ಭತ್ಯೆ ಇಟ್ಟಿದ್ದರು, ಪಿಯುಎ ಅಂತ. ನಮ್ಮ ರಾಜ್ಯದಲ್ಲಿ ಅದರ ಅರ್ಜಿ ಶುರುವಾಗಿದ್ದು ಮೇ ತಿಂಗಳಲ್ಲಿ. ಕನಿಷ್ಠ ಅಂದರೆ ವಾರಕ್ಕೆ 117 ಡಾಲರ್, ಅದರ ಮೇಲೆ ಜುಲೈ ಕೊನೆಯವರೆಗೆ ಕೇಂದ್ರದಿಂದ ವಾರಕ್ಕೆ 600. ಮಗಳ ತೊಡಕು ಏನೆಂದರೆ ಹಿಂದಿನ ವರ್ಷದ ಆದಾಯ ತೋರಿಸುವುದಕ್ಕೆ ಏನೂ ಇರಲಿಲ್ಲ. ಅವಳು ಪ್ರೊ ಆಗಿದ್ದೇ ವರ್ಷದ ಕೊನೆಯಲ್ಲಿ. ಆಗ ಉಪಯೋಗಕ್ಕೆ ಬಂದಿದ್ದು ಹಳೆಯ ಇಮೇಲ್‌ಗಳು. ಟೂರ್ ಸದಸ್ಯತ್ವದ ಪತ್ರ, ಶುಲ್ಕ ಕಟ್ಟಿದ ರಸೀದಿ, ಪಂದ್ಯಗಳಿಗೆ ಹೆಸರು ಕೊಟ್ಟಿದ್ದಕ್ಕೆ ಬಂದ ಉತ್ತರ, ಆಮೇಲೆ ಪಂದ್ಯ ಮುಂದೂಡಿದ ಇಮೇಲ್. ಇವನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಒಂದೇ ಪಿಡಿಎಫ್ ಮಾಡಿ ಹಾಕಿದೆ. ಕೆಲಸ ಶುರುವಾಗಬೇಕಿತ್ತು, ಕೋವಿಡ್‌ನಿಂದ ನಿಂತಿತು ಅನ್ನುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಹೆಲ್ಪ್‌ಲೈನ್‌ನಲ್ಲಿ ಗಂಟೆಗಟ್ಟಲೆ ಕಾದಿದ್ದೇವೆ, ಅಡುಗೆಮನೆ ಕಟ್ಟೆ ಮೇಲೆ ಫೋನಿಟ್ಟು ಸ್ಪೀಕರ್ ಹಾಕಿ ಪಲ್ಯ ಹೆಚ್ಚಿಕೊಂಡಿದ್ದೇನೆ. ದುಡ್ಡು ಬಂತು, ಹಿಂದಿನ ವಾರಗಳದ್ದೂ ಸೇರಿ ಬಂತು. ಆ ದುಡ್ಡು ಬರದಿದ್ದರೆ ಜುಲೈನಲ್ಲಿ ನಾವು ಮಿಷಿಗನ್‌ಗೆ ಹೊರಡುತ್ತಲೇ ಇರಲಿಲ್ಲ. ಆದ್ದರಿಂದ ಯಾವ ಇಮೇಲನ್ನೂ ಅಳಿಸಬೇಡಿ. ಮೊದಲ ದಿನದಿಂದಲೇ ಒಂದು ಫೋಲ್ಡರ್ ಮಾಡಿ ಹಾಕಿಡಿ.

ನಮಗೆ ಇನ್ನೊಂದು ಪುಣ್ಯ ಏನೆಂದರೆ ಅರಿಜೋನಾದಲ್ಲಿ ಗಾಲ್ಫ್ ಕೋರ್ಸ್‌ಗಳು ಮುಚ್ಚಲಿಲ್ಲ. ಬೇರೆ ಎಷ್ಟೋ ರಾಜ್ಯಗಳಲ್ಲಿ ಬೀಗ ಹಾಕಿದ್ದಾಗ ಇಲ್ಲಿ ಆಡಬಹುದಿತ್ತು. ಬಂಕರ್ ಅನ್ನುವ ಮರಳು ಗುಂಡಿಯ ಕುಂಟೆ ತೆಗೆದಿದ್ದರು. ಬಾವುಟದ ಕೋಲು ಮುಟ್ಟುವ ಹಾಗಿರಲಿಲ್ಲ. ನಮ್ಮ ಹತ್ತಿರದ ಕೋರ್ಸ್‌ನಲ್ಲಿ ಹೋಲ್ ಒಳಗೆ ಫೋಮ್ ತುಂಡು ತುರುಕಿದ್ದರು, ಚೆಂಡು ಆಳಕ್ಕೆ ಇಳಿಯದ ಹಾಗೆ. ಇಲ್ಲೇ ಮಹಿಳೆಯರಿಗೆ ಕ್ಯಾಕ್ಟಸ್ ಟೂರ್ ಅಂತ ಒಂದು ಸಣ್ಣ ಟೂರ್ ಇದೆ. ಜಗತ್ತಿನ ಗಾಲ್ಫೆಲ್ಲ ನಿಂತಿದ್ದಾಗ ಇದೊಂದು ನಡೆಯುತ್ತಲೇ ಇತ್ತು. ಹಾಗಾಗಿ ದೊಡ್ಡ ದೊಡ್ಡವರೇ ಬಂದು ಆಡಿದರು. ಆನಾ ನಾರ್ಡ್‌ಕ್ವಿಸ್ಟ್, ಕಾರ್ಲೋಟಾ ಸಿಗಾಂಡಾ ಅಂಥವರು. ಟಿವಿಯಲ್ಲಿ ನೋಡಿದವರ ಜೊತೆ ನಮ್ಮ ಮಗಳು ಒಂದೇ ಪಟ್ಟಿಯಲ್ಲಿ! ದುಡ್ಡು ಹುಟ್ಟಲಿಲ್ಲ, ಕೈಯಿಂದಲೇ ಹೋಯಿತು. ಆದರೆ ಮುಸುಕು ಹಾಕಿಕೊಂಡು ಮಲಗುವುದು ನಿಂತಿತು. ನನಗೆ ಅಷ್ಟೇ ಸಾಕಾಗಿತ್ತು.

ನಾನು ಬ್ಯಾಗ್ ಹೊರುವುದಕ್ಕೆ ಶುರು ಮಾಡಿದ್ದೂ ಆಗಲೇ. ಕ್ಯಾಡಿಗೆ ಕೊಡುವ ದುಡ್ಡು ಉಳಿಸಬೇಕಿತ್ತು, ನನಗೆ ಕೆಲಸ ಇರಲಿಲ್ಲ. ಮಗಳಿಗೆ ಮೊದಲು ಅಷ್ಟು ಮನಸ್ಸಿರಲಿಲ್ಲ. 'ಅಮ್ಮ, ನೀನು ಪ್ರತಿ ಶಾಟ್‌ಗೂ ಅಯ್ಯೋ ಅಂದರೆ ನನಗೆ ಆಡಕ್ಕಾಗಲ್ಲ' ಅಂದಳು. ಸರಿ ಕಣೇ, ಬಾಯಿ ಬಿಡಲ್ಲ ಅಂತ ಒಪ್ಪಂದ ಆಯಿತು. ಬೆಂಗಳೂರಿನ ಅದಿತಿ ಅಶೋಕ್ 2016ರಲ್ಲಿ ರಿಯೋ ಒಲಿಂಪಿಕ್ಸ್ ಆಡಿದಾಗ ಅವರಪ್ಪನೇ ಕ್ಯಾಡಿ ಆಗಿದ್ದರು. ಅಪ್ಪ ಅಮ್ಮ ಬ್ಯಾಗ್ ಹೊರುವುದು ಈ ಆಟದಲ್ಲಿ ಹೊಸದೇನಲ್ಲ. ನಾನು ಕಲಿತಿದ್ದು ಮೂರು ಕೆಲಸ. ಚೆಂಡಿನಿಂದ ಗ್ರೀನ್‌ವರೆಗಿನ (ಹೋಲ್ ಇರುವ ನುಣುಪು ಹುಲ್ಲಿನವರೆಗಿನ) ದೂರವನ್ನು ಯಾರ್ಡೇಜ್ ಪುಸ್ತಕ ನೋಡಿ ಸರಿಯಾಗಿ ಹೇಳುವುದು, ಅವಳು ಕೇಳುವ ಮೊದಲೇ ನೀರು, ಟವೆಲ್ ಕೊಡುವುದು, ಮತ್ತೆ ಅವಳು ಕೇಳದಿದ್ದರೆ ಸುಮ್ಮನಿರುವುದು. ಮೂರನೆಯದೇ ಕಷ್ಟ.

ಬೆಂಗಳೂರಿನವರಿಗೆ ವೀಸಾ ವಿಷಯ. ನಮ್ಮ ಪರಿಚಯದ ಒಂದು ಹುಡುಗಿ 2020ರಲ್ಲಿ ಇಲ್ಲಿಗೆ ಬಂದು ಆಡಬೇಕು ಅಂತ ಎಲ್ಲ ತಯಾರಿ ಮಾಡಿಕೊಂಡಿದ್ದಳು. ಸಂಬಳ ಇಲ್ಲದೆ ಬಹುಮಾನದ ಹಣಕ್ಕಷ್ಟೇ ಆಡುವ ವೃತ್ತಿಪರ ಆಟಗಾರರು ಬಿ-1 ವೀಸಾದಲ್ಲಿ ಬರಬಹುದು. ಪೂರ್ತಿ ಸೀಸನ್ ಇಲ್ಲೇ ಇದ್ದು ಆಡುವವರು ಪಿ-1 ವೀಸಾ ನೋಡುತ್ತಾರೆ. ಅವಳದ್ದು ಚೆನ್ನೈ ಕಾನ್ಸುಲೇಟ್‌ನಲ್ಲಿ ಇಂಟರ್‌ವ್ಯೂ ಇತ್ತು. ಮಾರ್ಚ್ ಮಧ್ಯದಲ್ಲಿ ಭಾರತದಲ್ಲೆಲ್ಲ ಮಾಮೂಲಿ ವೀಸಾ ಕೆಲಸ ನಿಂತಿತು. ಆಮೇಲೆ ಲಾಕ್‌ಡೌನ್, ಅಂತರರಾಷ್ಟ್ರೀಯ ವಿಮಾನಗಳೂ ನಿಂತವು. ಅವಳ ಸೀಸನ್ ಬೆಂಗಳೂರಿನ ಮನೆಯ ಟೆರೇಸ್ ಮೇಲೆ ನೆಟ್ ಕಟ್ಟಿಕೊಂಡು ಅಭ್ಯಾಸ ಮಾಡುವುದರಲ್ಲೇ ಕಳೆಯಿತು. ಅವಳಮ್ಮ ಫೋನಿನಲ್ಲಿ ಅಳುತ್ತಿದ್ದರೆ ಏನು ಹೇಳಬೇಕು ಅಂತಲೇ ನನಗೆ ತೋಚುತ್ತಿರಲಿಲ್ಲ. ನಮ್ಮ ಕಷ್ಟವೆಲ್ಲ ಅವರದ್ದರ ಮುಂದೆ ಕಡಿಮೆ ಅನ್ನಿಸುತ್ತಿತ್ತು. ಪಾಸ್‌ಪೋರ್ಟ್ ಅವಧಿ, ವೀಸಾ, ಸ್ಟೇಟಸ್ ಪತ್ರ ಎಲ್ಲ ಸೀಸನ್ನಿಗೆ ಐದಾರು ತಿಂಗಳು ಮೊದಲೇ ಕೈಯಲ್ಲಿರಲಿ.

ಹೊಸ ವೇಳಾಪಟ್ಟಿ ಬರುತ್ತಾ ಬರುತ್ತಾ ಕರಗಿತು. ಕೊನೆಗೆ ಉಳಿದಿದ್ದು ಮಾರ್ಚ್‌ದೂ ಸೇರಿ ಹತ್ತು ಪಂದ್ಯ. ಪಂದ್ಯ ಕಡಿಮೆ ಆಗಿದ್ದನ್ನಾದರೂ ತಡೆದುಕೊಂಡೆವು. ನಿಜವಾದ ಪೆಟ್ಟು ಬಿದ್ದಿದ್ದು ನಿಯಮ ಬದಲಾದಾಗ. ಹತ್ತು ಕಾರ್ಡಿನ ಜಾಗದಲ್ಲಿ ಈ ವರ್ಷ ಐದೇ ಕಾರ್ಡು ಅಂದರು. ಅದರ ಜೊತೆಗೆ 2020ರ ಕ್ಯೂ ಸ್ಕೂಲೂ ಇಲ್ಲ. ಅಂದರೆ ಮೇಲೆ ಹೋಗುವುದಕ್ಕೆ ಇದ್ದ ಎರಡು ಬಾಗಿಲಲ್ಲಿ ಒಂದು ಅರ್ಧ ಮುಚ್ಚಿತು, ಇನ್ನೊಂದು ಪೂರ್ತಿ. ಎಲ್‌ಪಿಜಿಎಯಲ್ಲೂ ಪಂದ್ಯಗಳು ನಿಂತಿದ್ದವು, ಅಲ್ಲಿ ಇದ್ದವರ ಜಾಗ ಹಾಗೇ ಉಳಿಸಬೇಕಿತ್ತು. ಜಾಗ ಖಾಲಿ ಆಗದೆ ಹೊಸಬರನ್ನು ಎಲ್ಲಿ ಕೂರಿಸುತ್ತಾರೆ? ಅರ್ಥ ಆಗುತ್ತದೆ. ಆದರೂ ಹೊಟ್ಟೆ ಉರಿಯಿತು. ಇಪ್ಪತ್ಮೂರು ವರ್ಷದ ಹುಡುಗಿಗೆ ಒಂದು ವರ್ಷ ಅಂದರೆ ಸಣ್ಣದಲ್ಲ.

ಒಂದೇ ಸಮಾಧಾನ, ಕ್ಯೂ ಸ್ಕೂಲ್ ಇಲ್ಲದ ಕಾರಣ ಈಗಿರುವ ಸ್ಟೇಟಸ್ 2021ಕ್ಕೂ ನಡೆಯುತ್ತದೆ ಅನ್ನುವುದು. ಇದನ್ನು ತಿಳಿದುಕೊಂಡ ಮೇಲೆ ನಮ್ಮ ಲೆಕ್ಕಾಚಾರವೇ ಬದಲಾಯಿತು. ಎಲ್ಲ ಪಂದ್ಯಕ್ಕೂ ಓಡುವ ಅಗತ್ಯ ಇಲ್ಲ. ದುಡ್ಡು ಉಳಿಸಿಕೊಂಡು, ಆರಿಸಿ ಆಡಿ, ಮುಂದಿನ ವರ್ಷಕ್ಕೂ ಉಸಿರು ಇಟ್ಟುಕೊಳ್ಳಬೇಕು. ಇಂಥ ವರ್ಷ ಮತ್ತೆ ಬಂದರೆ ನೀವು ಟೂರ್‌ನವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಪಂದ್ಯ ಯಾವಾಗ ಅಂತ ಅಲ್ಲ. ಸ್ಟೇಟಸ್ ಮುಂದಿನ ವರ್ಷಕ್ಕೆ ಉಳಿಯುತ್ತಾ, ಕಾರ್ಡು ಎಷ್ಟು, ಹಿಂದೆ ಸರಿದರೆ ಶುಲ್ಕ ವಾಪಸ್ ಬರುತ್ತಾ, ಈ ಮೂರನ್ನು ಕೇಳಿ. ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ.

ಆಟ ಮತ್ತೆ ಶುರುವಾಗಿದ್ದು ಜುಲೈ 24ಕ್ಕೆ, ಮಿಷಿಗನ್‌ನ ಬ್ಯಾಟಲ್ ಕ್ರೀಕ್‌ನಲ್ಲಿ. ವಿಮಾನ ಹತ್ತುವ ಧೈರ್ಯ ಇರಲಿಲ್ಲ, ಕಾರಿನಲ್ಲೇ ಹೊರಟೆವು. ಸುಮಾರು ಮೂರು ಸಾವಿರ ಕಿಲೋಮೀಟರ್. ಡಿಕ್ಕಿಯಲ್ಲಿ ಕ್ಲಬ್ಬುಗಳು, ಸಣ್ಣ ರೈಸ್ ಕುಕ್ಕರ್, ಅಕ್ಕಿ, ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಮೊದಲ ರಾಜ್ಯವೇ ನ್ಯೂ ಮೆಕ್ಸಿಕೋ. ಅಲ್ಲಿ ಆಗ ಹೊರರಾಜ್ಯದಿಂದ ಬಂದು ಉಳಿದುಕೊಳ್ಳುವವರಿಗೆ 14 ದಿನ ಕ್ವಾರಂಟೈನ್ ನಿಯಮ ಇತ್ತು. ಹಾಗಾಗಿ ಅಲ್ಲಿ ರಾತ್ರಿ ತಂಗಲಿಲ್ಲ. ಪೆಟ್ರೋಲಿಗೆ ಮಾತ್ರ ನಿಲ್ಲಿಸಿ ಇಡೀ ರಾಜ್ಯ ದಾಟಿ ಟೆಕ್ಸಾಸ್ ಸೇರಿಕೊಂಡೆವು. ಹೊರಡುವ ಮೊದಲು ದಾರಿಯ ಪ್ರತಿ ರಾಜ್ಯದ ನಿಯಮ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ವಾರ ವಾರಕ್ಕೂ ಬದಲಾಗುತ್ತಿತ್ತು, ಹೊರಡುವ ಬೆಳಿಗ್ಗೆ ಮತ್ತೊಮ್ಮೆ ನೋಡಿಕೊಳ್ಳಬೇಕು.

ಈ ಸಲ ಊರಿನವರ ಮನೆ ಸಿಗಲಿಲ್ಲ. ಯಾರನ್ನು ಅಂತ ಕೇಳುವುದು, ಎಲ್ಲರ ಮನೆಯಲ್ಲೂ ವಯಸ್ಸಾದವರು. ಮೋಟೆಲ್ ಖರ್ಚು ಪೂರ್ತಿ ಮೈಮೇಲೆ ಬಂತು. ಬುಕ್ ಮಾಡುವಾಗ ಹತ್ತಿಪ್ಪತ್ತು ಡಾಲರ್ ಜಾಸ್ತಿಯಾದರೂ ರದ್ದು ಮಾಡಿದರೆ ದುಡ್ಡು ವಾಪಸ್ ಕೊಡುವ ರೂಮನ್ನೇ ತೆಗೆದುಕೊಳ್ಳಿ. ಹಾಗೆ ಮಾಡಿದ್ದರಿಂದ ಒಂದು ಪಂದ್ಯ ಜಾರಿದಾಗ ನಮಗೆ ಏನೂ ನಷ್ಟ ಆಗಲಿಲ್ಲ.

ಊರು ಮುಟ್ಟಿದ ಮೇಲೆ ಕೋವಿಡ್ ಪರೀಕ್ಷೆ. ಆಟಗಾರ್ತಿಗೂ ಕ್ಯಾಡಿಗೂ. ಫಲಿತಾಂಶ ಬರುವವರೆಗೆ ಕೋರ್ಸ್ ಒಳಗೆ ಕಾಲಿಡುವ ಹಾಗಿಲ್ಲ. ಮೋಟೆಲ್ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತಿದ್ದೆವು, ರೂಮಿನೊಳಗೆ ಹೋದರೆ ಇನ್ನೂ ಉಸಿರುಕಟ್ಟುತ್ತಿತ್ತು. ನನಗೆ ಗಂಟಲು ಕೆರೆತ ಇದ್ದ ಹಾಗೆ ಅನ್ನಿಸುವುದು, ನೀರು ಕುಡಿದರೆ ಇಲ್ಲ ಅನ್ನಿಸುವುದು. ಮಗಳು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಒಂದು ಚೆಂಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕುತ್ತಾ ಇದ್ದಳು. ಮಾತಿಲ್ಲ. ನನ್ನಿಂದ ಅವಳಿಗೆ ಬಂದಿದ್ದರೆ? ಮೂರು ಸಾವಿರ ಕಿಲೋಮೀಟರ್ ಬಂದು ವಾಪಸ್ ಹೋಗಬೇಕಾದರೆ? ಫೋನ್ ಟಿಂಗ್ ಅಂದಾಗ ನನ್ನದು ಮೊದಲು ಬಂತು, ನೆಗೆಟಿವ್. ಅವಳದು ಬರುವುದಕ್ಕೆ ಇನ್ನೂ ಸ್ವಲ್ಪ ಹೊತ್ತು. ಆ ಸ್ವಲ್ಪ ಹೊತ್ತು ನನಗೆ ಹೆರಿಗೆಯ ದಿನಕ್ಕಿಂತ ಉದ್ದವಾಗಿತ್ತು. ಅವಳದ್ದೂ ನೆಗೆಟಿವ್ ಅಂತ ಬಂದಾಗ ಇಬ್ಬರೂ ಕಾರಿನಿಂದ ಇಳಿದು ನಿಂತುಬಿಟ್ಟೆವು.

ಪಾಸಿಟಿವ್ ಬಂದರೆ ಆಗ ಹತ್ತು ದಿನ ಪ್ರತ್ಯೇಕವಾಗಿ ಇರಬೇಕಿತ್ತು, ಗೊತ್ತಿಲ್ಲದ ಊರಿನಲ್ಲಿ. ಆ ಹತ್ತು ದಿನದ ಮೋಟೆಲ್ ಮತ್ತು ಊಟದ ದುಡ್ಡನ್ನು ಬೇರೆಯಾಗೇ ಇಟ್ಟುಕೊಂಡು ಹೋಗಿ. ಹೆಲ್ತ್ ಇನ್ಶೂರೆನ್ಸ್ ಬೇರೆ ರಾಜ್ಯದಲ್ಲಿ ನಡೆಯುತ್ತಾ ಅಂತಲೂ ಕೇಳಿಕೊಳ್ಳಿ. ಅಮೆರಿಕದಲ್ಲಿ ಮಕ್ಕಳಿಗೆ 26 ವರ್ಷ ಆಗುವವರೆಗೆ ಅಪ್ಪ ಅಮ್ಮನ ಪಾಲಿಸಿಯಲ್ಲೇ ಇರಬಹುದು. ನಮ್ಮ ಮಗಳು ನಮ್ಮನೆಯವರ ಪಾಲಿಸಿಯಲ್ಲಿದ್ದಳು, ಅದೊಂದು ದೊಡ್ಡ ಭಾರ ಕಡಿಮೆ ಆಯಿತು.

ಪ್ರೇಕ್ಷಕರಿಲ್ಲದ ಕೋರ್ಸ್‌ನಲ್ಲಿ ಆಟ ನೋಡುವುದೇ ಒಂಥರಾ. ಬರ್ಡಿ ಹೊಡೆದರೂ, ಅಂದರೆ ನಿಗದಿಗಿಂತ ಒಂದು ಹೊಡೆತ ಕಡಿಮೆಯಲ್ಲಿ ಹೋಲ್ ಮುಗಿಸಿದರೂ ಚಪ್ಪಾಳೆ ಇಲ್ಲ. ಅಲ್ಲಿ ಅವಳು ಕಟ್ ದಾಟಲಿಲ್ಲ. ನಾಲ್ಕು ತಿಂಗಳ ಮೇಲೆ ನಿಜವಾದ ಪಂದ್ಯ, ಮೊದಲ ಒಂಬತ್ತು ಹೋಲ್‌ಗಳಲ್ಲಿ ಕೈ ನಡುಗುತ್ತಿದ್ದದ್ದು ನನಗೇ ಕಾಣುತ್ತಿತ್ತು. ಬಾಯಿ ಬಿಡಲಿಲ್ಲ. ಒಪ್ಪಂದ ಒಪ್ಪಂದವೇ.

ಆಗಸ್ಟ್‌ನಲ್ಲಿ ನಮ್ಮ ಮನೆ ಹತ್ತಿರವೇ, ಮೇಸಾದ ಲಾಂಗ್‌ಬೋ ಕೋರ್ಸ್‌ನಲ್ಲಿ ಪಂದ್ಯ. ಮೋಟೆಲ್ ಖರ್ಚಿಲ್ಲ, ಮನೆಯ ಊಟ. ಆದರೆ ಬಿಸಿಲು! 2020ರಲ್ಲಿ ಫೀನಿಕ್ಸ್ ಕಡೆ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ದಾಟಿದ ದಿನಗಳು ಐವತ್ತಕ್ಕೂ ಜಾಸ್ತಿ, ಅದು ಆಗ ಅಲ್ಲಿಯ ದಾಖಲೆ ಆಗಿತ್ತು. ಬೆಳಗಿನ ಟೀ ಟೈಮ್ (ಆಟ ಶುರು ಮಾಡುವ ಹೊತ್ತು) ಸಿಕ್ಕವರು ಪುಣ್ಯವಂತರು. ನಮಗೆ ಮೊದಲ ದಿನ ಮಧ್ಯಾಹ್ನದ್ದು ಬಂತು. ಹಿಂದಿನ ರಾತ್ರಿಯೇ ಹಳೆಯ ಟವೆಲ್ಲುಗಳನ್ನು ಒದ್ದೆ ಮಾಡಿ ಫ್ರೀಜರ್‌ನಲ್ಲಿಟ್ಟೆ. ಅವು ಕಲ್ಲಿನ ಹಾಗೆ ಗಟ್ಟಿಯಾಗಿದ್ದವು, ಮೂರನೇ ಹೋಲ್ ಹೊತ್ತಿಗೆ ಮೆತ್ತಗಾದವು, ಆರನೇ ಹೋಲ್‌ಗೆ ಬಿಸಿ ಬಟ್ಟೆ. ಉಪ್ಪು, ನಿಂಬೆಹಣ್ಣು, ಸಕ್ಕರೆ ಹಾಕಿದ ಪಾನಕದ ಬಾಟ್ಲಿಗಳು ಬ್ಯಾಗಿನಲ್ಲಿ. ಒಂದು ಕೈಯಲ್ಲಿ ಕೊಡೆ, ಹೆಗಲ ಮೇಲೆ ಬ್ಯಾಗ್. ಆ ವಾರ ಅವಳು ಕಟ್ ದಾಟಿದಳು. ಪ್ರೊ ಆದ ಮೇಲೆ ಸಿಮೆಟ್ರಾದಲ್ಲಿ ಅವಳು ಗಳಿಸಿದ ಮೊದಲ ದುಡ್ಡು ಅದು. ಮೊತ್ತ ದೊಡ್ಡದಲ್ಲ, ಆ ವಾರದ ಶುಲ್ಕ ಕಳೆದು ಸ್ವಲ್ಪ ಉಳಿಯಿತು. ನಮ್ಮನೆಯವರು ಅವತ್ತು ಸಂಜೆ ಹೋಳಿಗೆ ಮಾಡು ಅಂದರು, ಮಾಡಿದೆ.

ಅದೇ ಆಗಸ್ಟ್‌ನಲ್ಲಿ ಸೋಫಿಯಾ ಪೊಪೊವ್ ಗೆದ್ದರು. ಈ ವಿಷಯ ಬರೆಯದೆ ಮುಂದೆ ಹೋಗಲಾರೆ. ಜರ್ಮನಿಯ ಈ ಹುಡುಗಿ 2019ರ ಕೊನೆಯಲ್ಲಿ ಒಂದೇ ಒಂದು ಸ್ಟ್ರೋಕ್‌ನಿಂದ (ಹೊಡೆತದಿಂದ) ಎಲ್‌ಪಿಜಿಎ ಕಾರ್ಡ್ ತಪ್ಪಿಸಿಕೊಂಡಿದ್ದರು. 2020ರಲ್ಲಿ ನಮ್ಮ ಮಗಳ ಹಾಗೇ ಸಿಮೆಟ್ರಾ ಟೂರ್. ಕೋವಿಡ್ ಹೊತ್ತಿನಲ್ಲಿ ಇಲ್ಲಿಯ ಕ್ಯಾಕ್ಟಸ್ ಟೂರ್‌ನಲ್ಲಿ ಮೂರು ಸಲ ಗೆದ್ದರು. ಎಲ್‌ಪಿಜಿಎ ಮತ್ತೆ ಶುರುವಾದಾಗ ಗೆಳತಿಯ ಬ್ಯಾಗ್ ಹೊತ್ತು ಕ್ಯಾಡಿ ಆಗಿದ್ದರು. ಮುಂದಿನ ವಾರ ಮ್ಯಾರಥಾನ್ ಕ್ಲಾಸಿಕ್‌ನಲ್ಲಿ ಆಡಲು ಅವಕಾಶ ಸಿಕ್ಕಿತು, ಮೊದಲ ಹತ್ತರಲ್ಲಿ ಬಂದರು, ಅದರಿಂದ ಮಹಿಳೆಯರ ಬ್ರಿಟಿಷ್ ಓಪನ್‌ಗೆ ಪ್ರವೇಶ. ಸ್ಕಾಟ್ಲೆಂಡ್‌ನ ರಾಯಲ್ ಟ್ರೂನ್‌ನಲ್ಲಿ ವಿಶ್ವ ರ್‍ಯಾಂಕಿಂಗ್ 304 ಇದ್ದ ಅವರು ಮೇಜರ್ (ವರ್ಷದ ಅತಿ ದೊಡ್ಡ ಪಂದ್ಯಗಳಲ್ಲಿ ಒಂದು) ಗೆದ್ದುಬಿಟ್ಟರು. 6,75,000 ಡಾಲರ್! ಬೆಳಿಗ್ಗೆ ಬೆಳಿಗ್ಗೆ ಟಿವಿ ಮುಂದೆ ನಾನು ಮಗಳು ಇಬ್ಬರೂ ಅತ್ತೆವು. ಆದರೆ ಆಗ ಅವರು ಎಲ್‌ಪಿಜಿಎ ಸದಸ್ಯೆ ಆಗಿರಲಿಲ್ಲ. ಹಾಗಾಗಿ ಮೇಜರ್ ಗೆದ್ದ ಸದಸ್ಯರಿಗೆ ಸಿಗುವ ಐದು ವರ್ಷದ ಹಕ್ಕು ಸಿಗಲಿಲ್ಲ, ಸೆಪ್ಟೆಂಬರ್‌ನ ಇನ್ನೊಂದು ಮೇಜರ್ ಎಎನ್‌ಎ ಇನ್‌ಸ್ಪಿರೇಷನ್‌ಗೂ ಪ್ರವೇಶ ಸಿಗಲಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಕಾರ್ಡು, ಸದಸ್ಯತ್ವ, ಪಟ್ಟಿಯಲ್ಲಿ ಎಷ್ಟನೆಯವರು ಅನ್ನುವುದು ಎಷ್ಟು ಮುಖ್ಯ ಅಂತ ಆ ವಾರ ನಮ್ಮ ಮನೆಯಲ್ಲಿ ಎಲ್ಲರಿಗೂ ಅರ್ಥವಾಯಿತು.

ಸೆಪ್ಟೆಂಬರ್‌ನಲ್ಲಿ ದಕ್ಷಿಣದ ಕಡೆ ಹೋದೆವು. ಆರ್ಕನ್ಸಾದ ಎಲ್ ಡೊರಾಡೋ, ಅಲಬಾಮಾದ ಪ್ರಾಟ್‌ವಿಲ್. ಒಂದರಲ್ಲಿ ಕಟ್ ದಾಟಿದಳು, ಇನ್ನೊಂದರಲ್ಲಿ ಒಂದು ಸ್ಟ್ರೋಕ್‌ನಿಂದ ಹೋಯಿತು. ಕೊನೆಯ ಹೋಲ್‌ನಲ್ಲಿ ನಾಲ್ಕಡಿ ಪಟ್, ಅಂದರೆ ಚೆಂಡನ್ನು ಹೋಲ್‌ಗೆ ಉರುಳಿಸುವ ಹೊಡೆತ. ಚೆಂಡು ಹೋಲಿನ ಅಂಚಿಗೆ ಹೋಗಿ ನಿಂತಿತು. ಅವಳು ಪಟರ್ ಮೇಲೆ ಗಲ್ಲ ಊರಿ ನಿಂತಳು, ನಾನು ಬ್ಯಾಗಿನ ಪಟ್ಟಿ ಹಿಡಿದು ನಿಂತೆ. ಮೋಟೆಲ್‌ಗೆ ಹೋಗಿ ಅನ್ನ ಮಾಡಿ ಚಟ್ನಿಪುಡಿ, ತುಪ್ಪ ಕಲಸಿ ಕೊಟ್ಟೆ. ಅರ್ಧ ತಿಂದ ಮೇಲೆ ಮಾತಾಡಿದಳು. ಪಟ್ ಎಳೆದುಬಿಟ್ಟೆ ಅಮ್ಮ ಅಂತ ಅಷ್ಟೇ.

ಕೊನೆಗೆ ಲೆಕ್ಕ ಹಾಕಿದಾಗ ವರ್ಷದ ಬಹುಮಾನ ಮೂರು ಸಾವಿರ ಡಾಲರ್ ಒಳಗೆ. ಖರ್ಚು ಅದರ ನಾಲ್ಕು ಪಟ್ಟಿಗಿಂತ ಜಾಸ್ತಿ. ನಾನು ಕ್ಯಾಡಿ ಆಗದಿದ್ದರೆ ಇನ್ನೂ ಜಾಸ್ತಿ ಆಗುತ್ತಿತ್ತು. ತೆರಿಗೆಯ ವಿಷಯವೂ ಇದೆ. ಬಹುಮಾನ ಗಳಿಸಿದ ರಾಜ್ಯಕ್ಕೆ ಬೇರೆ ರಿಟರ್ನ್ ಹಾಕಬೇಕಾಗಬಹುದು. ಫ್ಲೋರಿಡಾದಂಥ ರಾಜ್ಯದಲ್ಲಿ ವ್ಯಕ್ತಿಗಳಿಗೆ ಆದಾಯ ತೆರಿಗೆ ಇಲ್ಲ, ಅಲಬಾಮಾ, ಆರ್ಕನ್ಸಾದಲ್ಲಿ ಇದೆ. ಶುಲ್ಕ, ಮೋಟೆಲ್, ಕಾರು ಓಡಿದ ಮೈಲಿ, ಚೆಂಡು, ಗ್ಲೌಸ್ ಎಲ್ಲ ವ್ಯಾಪಾರದ ಖರ್ಚಾಗಿ ತೋರಿಸಬಹುದು, ರಸೀದಿ ಇದ್ದರೆ. ನಾನು ಲೆಕ್ಕದವಳಾದ್ದರಿಂದ ಪ್ರತಿ ವಾರಕ್ಕೂ ಒಂದು ಕವರ್ ಮಾಡಿ, ಮೇಲೆ ಊರಿನ ಹೆಸರು ಬರೆದು, ರಸೀದಿಗಳನ್ನು ಹಾಕಿಟ್ಟಿದ್ದೆ. ಈಗ ರಿಟರ್ನ್ ಹಾಕುವ ಏಪ್ರಿಲ್ ಬಂದರೂ ತಲೆಬಿಸಿ ಇಲ್ಲ. ನಿರುದ್ಯೋಗ ಭತ್ಯೆಯ ದುಡ್ಡಿಗೂ ತೆರಿಗೆ ಬೀಳುತ್ತದೆ ಅನ್ನುವುದು ತುಂಬ ಜನಕ್ಕೆ ಗೊತ್ತಿಲ್ಲ, ಅದಕ್ಕೂ ಸ್ವಲ್ಪ ತೆಗೆದಿಡಿ.

ಈಗ 2020ರ ಡಿಸೆಂಬರ್. 2021ರ ಸದಸ್ಯತ್ವದ ದುಡ್ಡು ಕಟ್ಟಿದ್ದೇವೆ. ಕ್ಲಿನಿಕ್‌ನವರು ಜನವರಿಯಿಂದ ವಾಪಸ್ ಬಾ ಅಂತ ಕರೆದಿದ್ದಾರೆ. ವಾರಕ್ಕೆ ಮೂರು ದಿನ, ಅದೂ ಮನೆಯಿಂದಲೇ ಲೆಕ್ಕ ನೋಡುವುದಾದರೆ ಬರುತ್ತೇನೆ ಅಂದಿದ್ದೇನೆ, ಒಪ್ಪುವ ಹಾಗಿದೆ. ಮೋಟೆಲ್‌ನಿಂದಲೂ ಮಾಡಬಹುದಾದ ಕೆಲಸ ಅದು. ಲಸಿಕೆ ಯಾವಾಗ ಸಿಗುತ್ತೋ, ಪಂದ್ಯ ಎಷ್ಟು ನಡೆಯುತ್ತೋ ನೋಡಬೇಕು. ಮಗಳು ದಿನಾ ಸಂಜೆ ಕತ್ತಲಾಗುವವರೆಗೂ ನಾಲ್ಕಡಿ ಪಟ್ ಅಭ್ಯಾಸ ಮಾಡುತ್ತಿದ್ದಾಳೆ. ಬ್ಯಾಗಿನ ಪಟ್ಟಿ ಹರಿದಿತ್ತು, ಹೊಸದು ತರಿಸಿದ್ದೇನೆ.